ಹಲಗೆ ಯಾರ ಕುತ್ತಿಗೆಗೆ

"ಯಾವ ಮುಂಡೇದೇ ಅದು ಬೊಗಳಿದ್ದು? ಯಾರ ಬಾಯಿ ಅದು?"

ಸೂಪರ್ವೈಸರ್ ಲಕ್ಷ್ಮೀನರಸಿಂಹನ ಗಂಟಲು ಕುವೈತಿನ ಹವಲ್ಲಿಯ ಆ ಇಂಗ್ಲಿಷ್ ಶಾಲೆಯ ಮೂರನೇ ಮಹಡಿಯಿಂದ ಹೊರಟಿತೆಂದರೆ ನೆಲಮಾಳಿಗೆಯ ಜಿರಲೆಗಳೂ ಮೀಸೆ ಇಳಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ಆವತ್ತು ಸಾಲಾಗಿ ನಿಂತದ್ದು ಕಾರಿಡಾರ್ ಒರೆಸುವ ಹೆಂಗಸರು. ಅವರ ಮುಂದೆ ಸಾಬೂನು ನೀರಿನ ಮಧ್ಯೆ ಕೂತಿದ್ದವಳು ಉಳ್ಳಾಲದ ಹವ್ವಮ್ಮ. ಜಾರಿ ಬಿದ್ದಿದ್ದಳು. ಬಿದ್ದ ಸದ್ದಿಗೆ ಗೋಡೆಯ ಗಡಿಯಾರ ಹತ್ತು ನಿಮಿಷ ಹಿಂದಕ್ಕೆ ನಡೆಯಿತೆಂದು ಕಣ್ಣಾರೆ ಕಂಡವರಿದ್ದಾರೆ. ಬೀಳುವಾಗ ಅವಳ ಬಾಯಿಂದ "ಅಲ್ಲಾ, ಉಮ್ಮಾ" ಎಂದು ಬಂದಿತ್ತು. ಉಮ್ಮಾ ಎಂದರೆ ಅವಳ ಬ್ಯಾರಿ ಭಾಷೆಯಲ್ಲಿ ಅಮ್ಮ. ತಪ್ಪು ಅಷ್ಟೇ.

"ನಾನು ಅಲ್ಲಾ ಹೇಳಿದ್ದು ಸಾರ್," ಎಂದಳು ಹವ್ವಮ್ಮ, ಸೊಂಟ ಹಿಡಿದುಕೊಂಡು. "ಅದು ಅರಬಿ. ಅರಬಿ ಆಡ್ಲಿಕ್ಕೆ ಅಡ್ಡಿ ಇಲ್ಲಾಂತ ನೀವೇ ಹೇಳಿದ್ದಲ್ವಾ."

"ಅಲ್ಲಾನ್ನ ಬಿಟ್ಟಿದೀನಿ ಕಣೇ. ಆಮೇಲೆ ಉಮ್ಮಾ ಅಂದ್ಯಲ್ಲ, ಅದ್ಯಾರು? ಇಂಗ್ಲೆಂಡ್ ರಾಣಿನಾ?"

ಹೆಂಗಸರು ನಕ್ಕರು. ನಗಲೇಬೇಕಿತ್ತು. ಲಕ್ಷ್ಮೀನರಸಿಂಹ ಒಬ್ಬಳ ಕುತ್ತಿಗೆಯಿಂದ ಹಲಗೆ ತೆಗೆದು ಹವ್ವಮ್ಮನ ಕುತ್ತಿಗೆಗೆ ಹಾಕಿದ. ಮುರಿದ ಡೆಸ್ಕಿನ ತುಂಡು ಅದು. ಎರಡು ತೂತು ಕೊರೆದು ನೆಲ ಒರೆಸುವ ಮಾಪಿನ ಹಗ್ಗ ಪೋಣಿಸಿದ್ದ. ಮೇಲೆ ಮಾರ್ಕರಿನಲ್ಲಿ ಒಂದು ಕತ್ತೆ. ಬರೆದವನ ಮುಖವೇ ಕತ್ತೆಗೆ ಬಂದಿತ್ತೆಂಬುದು ಬೇರೆ ಮಾತು.

ಕಾರಿಡಾರಿನಲ್ಲಿ ಸಂತೆಯ ಭಾಷೆಗಳು ಕೇಳಿ ಮಕ್ಕಳ ಕಿವಿ ಕೆಡುತ್ತದೆ ಎಂದು ಯಾರೋ ಪೋಷಕರು ದೂರಿದ್ದೇ ತಡ, ಹಲಗೆ ಹುಟ್ಟಿತ್ತು. ಶಾಲೆಯೊಳಗೆ ತನ್ನ ಭಾಷೆ ಆಡಿದವಳ ಕುತ್ತಿಗೆಗೆ ಅದು ಬೀಳುತ್ತಿತ್ತು. ಕಳಚಬೇಕೆಂದರೆ ತನ್ನ ಭಾಷೆ ಆಡಿದ ಇನ್ನೊಬ್ಬಳನ್ನು ಹಿಡಿದುಕೊಡಬೇಕು, ಅದೂ ಸೂಪರ್ವೈಸರನ ಕಿವಿಗೆ ಬೀಳುವಂತೆ. ಸಂಜೆ ಗಂಟೆ ಹೊಡೆದಾಗ ಹಲಗೆ ಯಾರ ಎದೆಯ ಮೇಲಿರುತ್ತದೋ ಅವಳಿಗೆ ಶುಕ್ರವಾರದ ರಜೆ ಖಲಾಸ್. ಅವಳು ಶುವೈಖಿನ ಗೋಡೌನಿಗೆ ಹೋಗಿ ಕ್ಲೀನಿಂಗ್ ಕಂಪೆನಿಯ ಕಸದ ಡ್ರಮ್ಮುಗಳನ್ನು ತಿಕ್ಕಬೇಕು. ಶುವೈಖಿನ ಬಿಸಿಲೆಂದರೆ ಅಲ್ಲಿ ಮನುಷ್ಯನ ನೆರಳೂ ಮನುಷ್ಯನನ್ನು ಬಿಟ್ಟು ಗೋಡೆಯೊಳಗೆ ಹೋಗಿ ಕೂರುತ್ತದೆ.

ಬೈಯುವುದಕ್ಕೆ ಇಂಗ್ಲಿಷ್ ಸಾಲುವುದಿಲ್ಲವಾದ್ದರಿಂದ ಲಕ್ಷ್ಮೀನರಸಿಂಹನೊಬ್ಬನಿಗೆ ಕನ್ನಡದ ವಿನಾಯಿತಿ ಇತ್ತು. ಕೊಟ್ಟವನೂ ಅವನೇ. ಉಳಿದವರು ಅವನಿಗೆ ಉತ್ತರ ಕೊಡುವುದೂ ತಮ್ಮೊಳಗೆ ಆಡುವುದೂ ಹರಕು ಇಂಗ್ಲಿಷಿನಲ್ಲೇ.

"ನಾನೇನು ಆಕಾಶದಿಂದ ಉದುರಿದವನಲ್ಲ," ಎಂದು ಅವನು ಎದೆ ತಟ್ಟಿಕೊಂಡ. "ನಮ್ಮೂರ ಕಾನ್ವೆಂಟಲ್ಲಿ ಎರಡನೇ ಕ್ಲಾಸಲ್ಲಿ ಇಂಥದ್ದೇ ಹಾಕ್ಕೊಂಡು ಬಿಸಿಲಲ್ಲಿ ನಿಂತಿದ್ದೆ. ಇವತ್ತು ನೋಡ್ರೇ, ಕುವೈತಲ್ಲಿ ಸೂಪರ್ವೈಸರ್. ಯಲ್ಲಾ, ಮಾಪ್ ಹಿಡೀರಿ."

ಹಲಗೆ ದಾಟಿಸುವ ವಿದ್ಯೆಯಲ್ಲಿ ಕಿನ್ನಿಗೋಳಿಯ ಲವಿಟಾಳನ್ನು ಮೀರಿಸಿದವಳು ಇಡೀ ಕೊಲ್ಲಿ ದೇಶಗಳಲ್ಲಿ ಇರಲಿಲ್ಲ. ಅವಳ ಕಿವಿ ಅಂಥದ್ದು. ಹವಲ್ಲಿಯಲ್ಲಿ ನಿಂತು, ಶುವೈಖ್ ಬಂದರಿನ ಹಡಗಿನಲ್ಲಿ ಯಾರೋ ಸೀನಿದರೆ ಅದು ಯಾವ ಭಾಷೆಯ ಸೀನೆಂದು ಹೇಳಬಲ್ಲಳು. ಹಲಗೆ ಬಿದ್ದವರು ಅವಳ ಕಾಲಿಗೆ ಬೀಳುತ್ತಿದ್ದರು. ಅವಳು ಸದ್ದಿಲ್ಲದೆ ಹೋಗಿ ಒಬ್ಬಳ ಕಾಲ್ಬೆರಳು ಮೆಟ್ಟುತ್ತಿದ್ದಳು, ಇನ್ನೊಬ್ಬಳ ಕಿವಿಯಲ್ಲಿ ಅವಳ ಗಂಡನ ಸುದ್ದಿ ಊದುತ್ತಿದ್ದಳು. ತಾಯಿಭಾಷೆ ತಾನಾಗಿ ಹೊರಗೆ ಬೀಳುತ್ತಿತ್ತು. ಅವಳ ಸ್ವಂತ ಕುತ್ತಿಗೆ ಮಾತ್ರ ಹೊಸ ಬಟ್ಟಲಿನಂತೆ ಹೊಳೆಯುತ್ತಿತ್ತು. ರಾತ್ರಿ ಕೆಲಸದವರು ಮಲಗುವ ಕ್ಯಾಂಪಿನಲ್ಲಿ ಅವಳು ಅದನ್ನೇ ಕೊಚ್ಚಿಕೊಳ್ಳುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಆಮೇಲೆ ಅವಳ ಪಕ್ಕದ ಮಂಚ ಖಾಲಿ ಬಿಡುತ್ತಿದ್ದರು.

ಅವಳಿಗೆ ಕುತ್ತಿಗೆಗಿಂತ ಕೈಯ ಚಿಂತೆ ದೊಡ್ಡದು. ಕ್ಲೋರಿನ್ ನೀರು ಅಂಗೈಯ ಚರ್ಮವನ್ನು ಈರುಳ್ಳಿಯಂತೆ ಪದರ ಪದರ ಸುಲಿದಿತ್ತು. ಇನ್ನು ಕ್ಲೋರಿನ್ ಮುಟ್ಟಿದರೆ ಕೆಲಸಕ್ಕೆ ಅನರ್ಹ ಎಂದು ಕಂಪೆನಿಯ ಡಾಕ್ಟರ್ ಹೇಳಿಯಾಗಿತ್ತು. ಅನರ್ಹ ಎಂದರೆ ಇಕಾಮಾ ಎಂಬ ವಾಸದ ಪರವಾನಗಿ ರದ್ದು, ಊರಿಗೆ ವಿಮಾನ. ಉಳಿಯಲು ಇದ್ದದ್ದು ಒಂದೇ ದಾರಿ, ಕೆಜಿ ಕ್ಲಾಸಿನ ಆಯಾ ಕೆಲಸ. ಎ.ಸಿ., ಗುಲಾಬಿ ಕೋಟು, ಪುಟ್ಟ ಮಕ್ಕಳು, ಮಾಪಿಲ್ಲ. ಸೆಪ್ಟೆಂಬರ್ ಮುಗಿಯುವ ತನಕ ಒಂದು ದಿನವೂ ಸಂಜೆ ಗಂಟೆಯ ಹೊತ್ತಿಗೆ ಯಾರ ಕುತ್ತಿಗೆಯಲ್ಲಿ ಹಲಗೆ ಇರುವುದಿಲ್ಲವೋ ಆ ಕೋಟು ಅವಳಿಗೆ ಎಂದು ಲಕ್ಷ್ಮೀನರಸಿಂಹ ಸಾರಿದ್ದ.

ಸ್ಪರ್ಧೆಯಲ್ಲಿ ಉಳಿದವಳು ಇನ್ನೊಬ್ಬಳೇ, ಕೆನ್ಯಾದ ಅಕಿನ್ಯಿ. ಹಲಗೆ ಅವಳ ಹತ್ತಿರ ಸುಳಿದಿರಲಿಲ್ಲ. ಕಟ್ಟಡದೊಳಗೆ ಅವಳು ಬಾಯಿ ಬಿಟ್ಟರೆ ಇಂಗ್ಲಿಷ್ ಮಾತ್ರ. ಆ ಇಂಗ್ಲಿಷ್ ಎದುರು ಪ್ರಿನ್ಸಿಪಾಲ್ ಮೇಡಮ್ಮಿನ ಇಂಗ್ಲಿಷ್ ಕೂಲಿಗೆ ಬಂದಂತೆ ಕೈಕಟ್ಟಿ ನಿಲ್ಲುತ್ತಿತ್ತು.

ಶಾಲೆಯ ಮುಂದಿನ ಹಾಲಿನಲ್ಲಿ ಆನೆಯಷ್ಟು ದೊಡ್ಡ ಫೋಟೋ ಒಂದಿತ್ತು. ಈ ಶಾಲೆಯ ತಾಯಿ ಶಾಲೆಯಂತೆ. ಬಿಳಿಯರ ಆಳ್ವಿಕೆಯಲ್ಲಿ ಪಾದ್ರಿಗಳು ಆಫ್ರಿಕಾದ ಬೆಟ್ಟವೊಂದರ ಮೇಲೆ ಕಟ್ಟಿದ ಬೋರ್ಡಿಂಗ್ ಶಾಲೆ. ಕುವೈತಿನ ಮಾಲೀಕ ಅದರ ಹೆಸರನ್ನು ಕೊಂಡು ತಂದು ಹವಲ್ಲಿಯಲ್ಲಿ ನೆಟ್ಟಿದ್ದ. ಫೋಟೋದಲ್ಲಿ ನಡುವೆ ಗಡ್ಡದ ಪಾದ್ರಿ, ಅಕ್ಕಪಕ್ಕ ಬಿಳಿ ಲಂಗದ ಹುಡುಗಿಯರು, ಬೋಳು ತಲೆ, ಬರಿಗಾಲು, ಗೋಡೆಗೆ ಒರಗಿಸಿದ ಗುದ್ದಲಿಗಳು. ತೀರ ಅಂಚಿನಲ್ಲಿ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ ಒಂದು ಹುಡುಗಿ. ಅವಳ ಕುತ್ತಿಗೆಯಲ್ಲಿ ಏನೋ ನೇತಾಡುತ್ತಿತ್ತು. ಕೆಳಗೆ ಚಿನ್ನದ ಅಕ್ಷರದಲ್ಲಿ 'ಬಹುಮಾನ ಪಡೆದ ವಿದ್ಯಾರ್ಥಿನಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಸೀಟು ಕೇಳಲು ಬಂದ ತಂದೆತಾಯಿಯರಿಗೆ ಪ್ರಿನ್ಸಿಪಾಲ್ ಅದನ್ನು ಬೆರಳಿಟ್ಟು ತೋರಿಸುತ್ತಿದ್ದರು.

ಆ ಗಾಜು ಒರೆಸುವುದು ಅಕಿನ್ಯಿಯ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ ಬಕೆಟ್ ಹಿಡಿದುಕೊಂಡಿದ್ದ ಲವಿಟಾ ಕೇಳಿದಳು: "ಎಂತ ಮೆಡಲ್ ಅದು? ಓಟದ್ದಾ?"

"ಮೆಡಲ್ ಅಲ್ಲ. ದನದ ಎಲುಬು."

ಲವಿಟಾ ನಕ್ಕಳು. ಅಕಿನ್ಯಿ ನಗಲಿಲ್ಲ. ಒರೆಸುತ್ತಲೇ ಹೇಳಿದಳು.

"ನನ್ನ ಅಜ್ಜಿಯ ಶಾಲೆಯೂ ಇಂಥದ್ದೇ. ಈ ಬೆಟ್ಟ ಅಲ್ಲ, ಬೇರೆ ಬೆಟ್ಟ. ಬೆಳಿಗ್ಗೆ ಪಾದ್ರಿಗಳಿಗೆ ಜೋಳ ಬೀಸಬೇಕು, ಅವರ ಕಾಫಿ ಗಿಡದ ಕಳೆ ಕೀಳಬೇಕು. ಪ್ರಾರ್ಥನೆ. ಉಳಿದ ಹೊತ್ತಿನಲ್ಲಿ ಪಾಠ. ಮನೆಯ ಭಾಷೆ ಆಡಿದವಳ ಕುತ್ತಿಗೆಗೆ ಎಲುಬು. ಇನ್ನೊಬ್ಬಳನ್ನು ಹಿಡಿದುಕೊಟ್ಟರೆ ಬಿಡುಗಡೆ. ದಿನದ ಕೊನೆಗೆ ಎಲುಬು ಯಾರ ಹತ್ತಿರವೋ ಅವಳಿಗೆ ಹೊಡೆತ, ಅಂಗೈಗೆ. ಕೈ ಯಾಕೆ ಹಿಂದೆ ಇಟ್ಟಿದ್ದಾಳೆ ನೋಡು."

ಲವಿಟಾ ನೋಡಿದಳು. ತನಗೆ ತಿಳಿಯದ ಹಾಗೆ ತನ್ನ ಕೈಯನ್ನು ಯೂನಿಫಾರ್ಮಿನ ಜೇಬಿಗೆ ಹಾಕಿದಳು.

"ಅಜ್ಜಿಗೆ ಒಬ್ಬಳು ತಂಗಿ. ಅಚಿಯೆಂಗ್ ಅಂತ. ಗೇಟಿನಲ್ಲೇ ಆ ಹೆಸರು ತೆಗೆದು ಮಗ್ದಲೀನ್ ಅಂತ ಇಟ್ಟರು. ಒಂದು ಸಂಜೆ ಎಲುಬು ಅಜ್ಜಿಯ ಹತ್ತಿರ ಉಳಿಯಿತು. ಹೊಡೆತದ ಹೆದರಿಕೆ. ಅವಳು ತಂಗಿಯನ್ನು ಕರೆದಳು, ಮನೆಯಲ್ಲಿ ಕರೆಯುತ್ತಿದ್ದ ಹಾಗೆ. ಮಗು ಎಷ್ಟು ದಿನದಿಂದ ಆ ಮಾತಿಗೆ ಕಾದಿತ್ತೋ. ಓಡಿಬಂತು, ಮನೆಯ ಭಾಷೆಯಲ್ಲಿ ಏನೇನೋ ಹೇಳುತ್ತಾ. ಸಿಸ್ಟರ್ ಕಿಟಕಿಯ ಹತ್ತಿರ ನಿಂತಿದ್ದರು."

"ಮತ್ತೆ?"

"ಮತ್ತೆ ಏನಿಲ್ಲ. ಆಮೇಲೆ ತಂಗಿ ಅಜ್ಜಿಯ ಜೊತೆ ಇಂಗ್ಲಿಷಿನಲ್ಲಿ ಮಾತ್ರ ಮಾತಾಡಿದಳು. ಇಬ್ಬರೂ ಮುದುಕಿಯರಾದರು. ಸಾಯುವ ತನಕ ಇಂಗ್ಲಿಷೇ."

"ಅಜ್ಜಿ ಎಂತ ಹೇಳಿ ಕರೆದದ್ದು?"

ಅಕಿನ್ಯಿ ಬಟ್ಟೆ ಹಿಂಡಿದಳು. "ಈ ಕಟ್ಟಡದೊಳಗೆ ಹೇಳುವುದಿಲ್ಲ."

"ನಿನ್ನ ಅಜ್ಜಿ ನನ್ನ ಹಾಗೆಯೇ ಚಾಲಾಕಿ," ಎಂದಳು ಲವಿಟಾ. ಹೊಗಳಿಕೆಯೆಂದೇ ಹೇಳಿದ್ದು.

ಸೆಪ್ಟೆಂಬರಿನ ಕೊನೆಯ ದಿನ ಲವಿಟಾ ಬಾತ್‌ರೂಮಿನ ನಲ್ಲಿ ತಿರುಗಿಸಿದಳು. ಕುವೈತಿನ ಬೇಸಗೆಯಲ್ಲಿ ನಲ್ಲಿಯಿಂದ ನೀರು ಬರುವುದಿಲ್ಲ, ನರಕದ ಹಂಡೆಯೇ ನೇರವಾಗಿ ಬರುತ್ತದೆ. ಸುಲಿದ ಅಂಗೈಯ ಮೇಲೆ ಅದು ಬಿದ್ದಾಗ "ಅವೊಯ್, ಜೆಜು ಮರಿ" ಎಂಬ ಅಪ್ಪಟ ಕೊಂಕಣಿ ಹೊರಬಿತ್ತು. ಬಾಗಿಲಲ್ಲೇ ಲಕ್ಷ್ಮೀನರಸಿಂಹ. ಹಿಂದೆ ಹಲಗೆ ಹೊತ್ತ ಹವ್ವಮ್ಮ.

"ಬಂತಲ್ಲೇ ರಾಣಿಗೂ," ಎಂದ ಅವನು.

ಹವ್ವಮ್ಮ ಹಲಗೆ ಹಾಕುವಾಗ ಅವಳ ಕಣ್ಣು ನೋಡಲಿಲ್ಲ. ಆದರೆ ಹಗ್ಗವನ್ನು ಸ್ವಲ್ಪ ಎಳೆದೇ ಹಾಕಿದಳು.

ಆಮೇಲೆ ಶಾಲೆಯಲ್ಲಿ ಎಂಥ ಮೌನವೆಂದರೆ ಸತ್ತವರು ಬಂದು ಇಲ್ಲಿ ಜಾಗ ಉಂಟಾ ಎಂದು ಕೇಳಬೇಕು. ಲವಿಟಾ ಕಾಲು ಮೆಟ್ಟಿದರೆ ಮೆಟ್ಟಿಸಿಕೊಂಡವಳು ತುಟಿ ಕಚ್ಚಿದಳು. ಗಂಡನ ಸುದ್ದಿ ಊದಿದರೆ ಕೇಳಿದವಳು "ಥ್ಯಾಂಕ್ಯೂ" ಎಂದಳು. ಲವಿಟಾ ಮೂರು ಮಹಡಿ ಹತ್ತಿಳಿದಳು. ಒಂದು ಕೊಂಕಣಿ, ಒಂದು ತುಳು, ಒಂದು ಮಲಯಾಳವೂ ಸಿಗಲಿಲ್ಲ. ಗಂಟೆಗೆ ಸ್ವಲ್ಪವೇ ಹೊತ್ತಿತ್ತು. ಅವಳು ನೇರ ಲಕ್ಷ್ಮೀನರಸಿಂಹನ ಹತ್ತಿರ ಹೋದಳು.

"ಸಾರ್, ಮಾಪ್ ರೂಮಿನ ಬಾಗಿಲ ಹೊರಗೆ ನಿಂತ್ಕೊಳ್ಳಿ. ಸದ್ದು ಮಾಡ್ಬೇಡಿ."

"ಆ ಕರಿ ಮುಂಡೇನ ಹಿಡೀತೀಯಾ? ಅದರ ಬಾಯಿ ಬೀಗ ಕಣೇ."

"ಕೀ ನನ್ನ ಹತ್ರ ಉಂಟು."

ಮಾಪ್ ರೂಮಿನಲ್ಲಿ ಅಕಿನ್ಯಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಲವಿಟಾ ಎದುರು ಕೂತು ಕೈ ಚಾಚಿದಳು. ಅಳುವುದನ್ನು ನಟಿಸಬೇಕೆಂದಿದ್ದಳು, ಅಳು ತಾನಾಗಿಯೇ ಬಂತು.

"ಕೋಟು ನಿಂಗೇ ಸಿಗ್ಲಿ. ನಂದು ಮುಗೀತು. ನನ್ನನ್ನು ಊರಿಗೆ ಕಳಿಸ್ತಾರೆ."

ಅಕಿನ್ಯಿ ಅಂಗೈಗಳನ್ನು ತಿರುಗಿಸಿ ನೋಡಿದಳು. ತನ್ನ ವ್ಯಾಸಲೀನ್ ಡಬ್ಬಿ ತೆಗೆದು, ಒಂದೊಂದೇ ಬಿರುಕಿಗೆ ಬೆರಳಿನಿಂದ ಹಚ್ಚತೊಡಗಿದಳು. ಲವಿಟಾಳ ಕೈಯನ್ನು ಯಾರಾದರೂ ಹಾಗೆ ಹಿಡಿದು ವರ್ಷಗಳಾಗಿದ್ದವು. ಎದ್ದು ಹೋಗಬೇಕು ಅನ್ನಿಸಿತು. ಎದ್ದರೆ ವಿಮಾನ.

"ನಂಗೂ ಒಬ್ಬಳು ತಂಗಿ ಉಂಟು," ಎಂದಳು. "ಹೋಗುವ ಮೊದಲು ಒಂದು ಹೇಳು. ನಿನ್ನ ಅಜ್ಜಿ ಎಂತ ಹೇಳಿ ಕರೆದದ್ದು?"

ಅಕಿನ್ಯಿಯ ಬೆರಳು ನಿಂತಿತು. ಮುಚ್ಚಿದ ಬಾಗಿಲನ್ನು ನೋಡಿದಳು, ಲವಿಟಾಳ ಒದ್ದೆ ಮುಖ ನೋಡಿದಳು. ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ ಹೇಳಿದಳು:

"ಅಚಿಯೆಂಗ್, ಬಿ ಕಾ."

ಅಚಿಯೆಂಗ್, ಬಾ ಇಲ್ಲಿ. ಅಷ್ಟೇ. ಯಾವ ಊರಿನ ಅಕ್ಕನೂ ಯಾವ ಊರಿನ ತಂಗಿಗೂ ಹೇಳುವಂಥದ್ದು.

ಬಾಗಿಲು ತೆರೆಯಿತು. "ಖಲಾಸ್," ಎಂದ ಲಕ್ಷ್ಮೀನರಸಿಂಹ, ಮದುವೆಯ ಗಂಡಿನಂತೆ ನಗುತ್ತಾ.

ಅಕಿನ್ಯಿ ಬೈಯಲಿಲ್ಲ. ಬೆರಳಲ್ಲಿ ಉಳಿದಿದ್ದ ವ್ಯಾಸಲೀನನ್ನು ಡಬ್ಬಿಯ ಅಂಚಿಗೆ ಒರೆಸಿ ಒಳಗೆ ಹಾಕಿದಳು, ಮುಚ್ಚಳ ತಿರುಗಿಸಿದಳು. ಲವಿಟಾಳ ಕುತ್ತಿಗೆಯಿಂದ ಹಲಗೆಯನ್ನು ತಾನೇ ತೆಗೆದು ತಾನೇ ಹಾಕಿಕೊಂಡಳು.

ಮರುದಿನವೂ ಅದು ಅವಳ ಕುತ್ತಿಗೆಯಲ್ಲಿತ್ತು. ಅದರ ಮರುದಿನವೂ. ಅವಳು ಯಾರನ್ನೂ ಹಿಡಿಯಲಿಲ್ಲ. ಹೆಂಗಸರು ಅವಳ ಎದುರೇ ತಪ್ಪಿ ತುಳು ಆಡಿದರು, ಅವಳು ಕಿವುಡಿಯಂತೆ ದಾಟಿಹೋದಳು. ಶುಕ್ರವಾರ ಶುವೈಖಿಗೆ ಹಲಗೆಯೊಡನೆ ಹೋಗಿ ಹಲಗೆಯೊಡನೆ ಬಂದಳು. ಕ್ಯಾಂಪಿನ ಬಸ್ಸಿನಲ್ಲಿ, ಊಟದ ಸಾಲಿನಲ್ಲಿ, ಮಲಗುವಾಗಲೂ ಅದು ಎದೆಯ ಮೇಲಿತ್ತು. ಹವ್ವಮ್ಮನಿಗೆ ತಡೆಯಲಿಲ್ಲ. ಲಕ್ಷ್ಮೀನರಸಿಂಹನ ಮುಂದೆಯೇ ಅವಳ ಎದುರು ನಿಂತು, "ಉಮ್ಮಾ, ಉಮ್ಮಾ, ಉಮ್ಮಾ. ನೋಡು, ಹೇಳಿದೆ. ಹಾಕು ನಂಗೆ," ಎಂದಳು. ಅಕಿನ್ಯಿ ಅವಳ ತಲೆವಸ್ತ್ರ ಸರಿಮಾಡಿ ಹೊರಟುಹೋದಳು.

ಹಲಗೆ ಒಂದೇ ಕಡೆ ನಿಂತದ್ದರಿಂದ ಕಾರಿಡಾರಿನಲ್ಲಿ ಮೆಲ್ಲಗೆ ಬ್ಯಾರಿ, ತುಳು, ನೇಪಾಳಿ ತಲೆಯೆತ್ತಿದವು. ಲಕ್ಷ್ಮೀನರಸಿಂಹನಿಗೆ ನಿದ್ದೆ ಕೆಟ್ಟಿತು.

"ಕೊಡೇ ಹಲಗೆ," ಎಂದ.

"ಯಾರನ್ನೂ ಹಿಡಿದಿಲ್ಲ. ಹೇಗೆ ಕೊಡಲಿ? ರೂಲ್ಸು ನಿಮ್ಮದು."

ಅವನು ಹಗ್ಗ ಹರಿದು ಕಿತ್ತುಕೊಂಡ. ಕುತ್ತಿಗೆಯ ಮೇಲೆ ಕೆಂಪು ಗೆರೆ ಎದ್ದಿತು. ಅಕಿನ್ಯಿಯನ್ನು ಶುವೈಖಿನ ಡ್ರಮ್ಮುಗಳಿಗೆ ಕಾಯಂ ಮಾಡಿದ. ಹೋಗುವಾಗ ಅವಳು ಲವಿಟಾಳ ಮಂಚದ ಪಕ್ಕದಿಂದಲೇ ಪೆಟ್ಟಿಗೆ ಎಳೆದುಕೊಂಡು ಹೋದಳು. ಲವಿಟಾ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆದಳು. ಅಷ್ಟು ಒಳ್ಳೆಯ ಗೊರಕೆ ಅವಳು ನಿದ್ದೆಯಲ್ಲೂ ಹೊಡೆದವಳಲ್ಲ.

ಗುಲಾಬಿ ಕೋಟು ಬಂತು. ಕೈ ಮಾಯತೊಡಗಿತು. ಈ ನಡುವೆ ಪ್ರಿನ್ಸಿಪಾಲ್ ಮೇಡಂ ಹಲಗೆಯ ವಿಷಯ ಕೇಳಿ ಬೆಚ್ಚಿಬಿದ್ದರು, ಅಂದರೆ ಸಂತೋಷದಿಂದ. ಮರದ ತುಂಡು ಒರಟು, ಆಲೋಚನೆ ಬಂಗಾರ. ಹತ್ತು ದಿನದಲ್ಲಿ ಕೆಜಿ ಮಕ್ಕಳಿಗೆಂದು ಅದೇ ಹಲಗೆ ಲ್ಯಾಮಿನೇಟ್ ಆಗಿ, ಅಂಚಿಗೆ ಹೂ ಬಿಟ್ಟು, ಕತ್ತೆ ಹೋಗಿ ನಗುವ ಝೀಬ್ರಾ ಬಂದು ಇಳಿಯಿತು. ಹಗ್ಗಕ್ಕೆ ರೇಷ್ಮೆ ರಿಬ್ಬನ್. ಹಾಕುವ ಕೆಲಸ ಆಯಾಳದ್ದು, ಕಳಚುವ ರೂಲ್ಸು ಹಳೆಯದೇ.

ನಿಧಿ ಎಂಬ ಮಗು ಆಗಷ್ಟೇ ಮೈಸೂರಿನಿಂದ ಬಂದಿತ್ತು. ಅಪ್ಪ ವಿವೇಕ್ ಇಲ್ಲಿ ಇಂಜಿನಿಯರ್. ಮಗುವನ್ನು ಅಲ್ಲಿ ಬೆಳೆಸಿದವರು ಅಜ್ಜಿ ಅನಸೂಯಮ್ಮ. ಅದರ ಬಾಯಲ್ಲಿ ಇದ್ದದ್ದು ಅಜ್ಜಿಯ ಕನ್ನಡ ಮಾತ್ರ. ಒಂದು ಬೆಳಿಗ್ಗೆ ಅದು ಲವಿಟಾಳ ಗುಲಾಬಿ ಕೋಟು ಎಳೆಯಿತು.

"ಆಂಟಿ, ಒಂದಕ್ಕೆ ಹೋಗ್ಬೇಕು."

ಟೀಚರ್ ನೋಡುತ್ತಿದ್ದರು. "ಇಂಗ್ಲಿಷ್ ಪ್ಲೀಸ್," ಎಂದಳು ಲವಿಟಾ.

"ಒಂದಕ್ಕೆ ಆಂಟಿ."

"ಇಂಗ್ಲಿಷ್ ಪ್ಲೀಸ್."

ಮಗು ಯೋಚಿಸಿತು. ಪ್ರಪಂಚದ ಎಲ್ಲ ಇಂಗ್ಲಿಷನ್ನೂ ಹುಡುಕುವಂತೆ ಮೇಲೆ ನೋಡಿತು, ಕೆಳಗೆ ನೋಡಿತು. ಆಮೇಲೆ ಬಾಯಿ ಮುಚ್ಚಿ ನಿಂತಿತು. ಕಾಲಚೀಲ ಬಣ್ಣ ಬದಲಿಸಿತು, ಬೂಟಿನ ಸುತ್ತ ಸಣ್ಣ ಕೊಳವಾಯಿತು. ಟೀಚರ್ ಕಣ್ಸನ್ನೆ ಮಾಡಿದರು. ಲವಿಟಾ ಗೋಡೆಯ ಮೊಳೆಯಿಂದ ಝೀಬ್ರಾ ಹಲಗೆ ತೆಗೆದು ಮಗುವಿನ ಕುತ್ತಿಗೆಗೆ ಹಾಕಿದಳು.

ಒರೆಸಲು ಬಂದವಳು ಹವ್ವಮ್ಮ. ಮಾಪ್ ಎಳೆಯುತ್ತಾ, ತಲೆ ಎತ್ತದೆ, ಕೇಳಿಯೂ ಕೇಳಿಸದ ಹಾಗೆ ಅಂದಳು: "ಒಂದಕ್ಕೆ ಅಂದ್ರೆ ಎಂತದೂಂತ ನಿಂಗೆ ಗೊತ್ತಿಲ್ವಾ ಲವಿಟಾ?"

ಆ ರಾತ್ರಿ ಲವಿಟಾ ಕೊಚ್ಚಿಕೊಳ್ಳಲಿಲ್ಲ. ಊಟ ಮುಂದಿಟ್ಟುಕೊಂಡು ಗಂಟಲಿಗೆ ಕೈ ಹಾಕಿ ನೋಡಿಕೊಂಡಳು. ಏನೂ ಇರಲಿಲ್ಲ. ಆದರೂ ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು.

ನವೆಂಬರಿನಲ್ಲಿ ಸಂಸ್ಥಾಪಕರ ದಿನ. ಹಾಲಿನ ದೀಪಗಳ ಬೆಳಕಿಗೆ ಸೂರ್ಯ ನಾಚಿ ಮಧ್ಯಾಹ್ನವೇ ಮನೆಗೆ ಹೋಗಿದ್ದ. ಆನೆ ಫೋಟೋಗೆ ಹೂಮಾಲೆ. ತಂದೆತಾಯಿಯರು ತಟ್ಟೆ ಹಿಡಿದು ಅದರ ಮುಂದೆ ನಿಂತು ಹೊಗಳುತ್ತಿದ್ದರು. ಗೋಡೆಯುದ್ದಕ್ಕೂ ಮಾಪಿನ ಹೆಂಗಸರು ಚಹಾದ ಟ್ರೇ ಹಿಡಿದಿದ್ದರು. ವಿವೇಕ್ ಬಂದವನೇ ಮಗಳ ಕುತ್ತಿಗೆಯ ಝೀಬ್ರಾ ನೋಡಿ ನಕ್ಕ. ಇವತ್ತೂ ಅದು ನಿಧಿಯದೇ.

"ಮನೇಲೂ ನಾವು ಸ್ಟ್ರಿಕ್ಟು," ಎಂದ ಇಂಗ್ಲಿಷಿನಲ್ಲಿ ಟೀಚರಿಗೆ. "ಊರಿಗೆ ಫೋನ್ ಮಾಡೋದನ್ನೂ ಕಮ್ಮಿ ಮಾಡಿದೀವಿ. ಅಜ್ಜಿ ಕೆಡಿಸಿಬಿಡ್ತಾರೆ. ನಿಧಿ, ಅಲ್ಲಿ ನಿಂತ್ಕೋ, ಫೋಟೋ."

ಮಗು ಹೋಗಿ ಚಿತ್ರದ ಅಂಚಿನ ಕೆಳಗೆ ನಿಂತಿತು. ಕೈ ಎಲ್ಲಿಡಬೇಕೆಂದು ತೋಚದೆ ಬೆನ್ನ ಹಿಂದೆ ಇಟ್ಟುಕೊಂಡಿತು. ಮೇಲೊಬ್ಬಳು, ಕೆಳಗೊಬ್ಬಳು.

ಲವಿಟಾ ಕೈಯಲ್ಲಿದ್ದ ಟ್ರೇಯನ್ನು ನೆಲದ ಮೇಲಿಟ್ಟಳು, ಹೋಗಿ ಮಗುವಿನ ಮುಂದೆ ಮಂಡಿಯೂರಿದಳು. ನಾಲ್ಕು ಜನಕ್ಕೆ ಕೇಳುವಂತೆ ಕನ್ನಡದಲ್ಲಿ ಹೇಳಿದಳು:

"ಬಾ ಮಗಾ ಇಲ್ಲಿ. ಒಂದಕ್ಕೆ ಹೋಗ್ಬೇಕಾ? ನಾನು ಕರ್ಕೊಂಡು ಹೋಗ್ತೇನೆ."

ನಿಧಿಯ ಕಣ್ಣುಗಳು ದೀಪದಂತೆ ಹೊತ್ತಿಕೊಂಡವು. ಅಜ್ಜಿಯ ಮಾತು ಕೇಳಿದ ಖುಷಿ ಎಂದುಕೊಂಡಳು ಲವಿಟಾ. ಮಗು ಎರಡೂ ಕೈಯಿಂದ ರಿಬ್ಬನ್ ಹಿಡಿದು ತಲೆಯ ಮೇಲಿಂದ ತೆಗೆದು ಲವಿಟಾಳ ಕುತ್ತಿಗೆಗೆ ಹಾಕಿತು.

"ಮಿಸ್, ಐ ಕಾಟ್ ಆಂಟಿ," ಎಂದು ಕುಣಿಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಲಕ್ಷ್ಮೀನರಸಿಂಹ ಜನರ ನಡುವೆ ನುಗ್ಗಿ ಬಂದ. ಹಲ್ಲು ಕಚ್ಚಿ, ಆದರೆ ಆ ಗಂಟಲು ಪಿಸುಗುಟ್ಟಿದರೂ ಹಾಲಿಗೇ ಕೇಳುತ್ತದೆ:

"ತೆಗ್ಯೇ ಅದನ್ನ, ಬೇವರ್ಸಿ. ಗೆಸ್ಟುಗಳಿದಾರೆ. ತೆಗೆದು ಕೊಡು ಇಲ್ಲಿ."

ಟ್ರೇ ಹಿಡಿದ ಹೆಂಗಸರ ಸಾಲು ಒಮ್ಮೆಲೇ ನೆಟ್ಟಗಾಯಿತು. ಹವ್ವಮ್ಮನ ಮುಖದಲ್ಲಿ ಹಬ್ಬ. "ಕನ್ನಡ ಆಡಿದ್ದು," ಎಂದಳು ಗಟ್ಟಿಯಾಗಿ. "ಎಲ್ಲರಿಗೂ ಕೇಳಿದೆ. ಹಾಕು ಲವಿಟಾ. ಅವನಿಗೇ ಹಾಕು."

ಅವನ ಕುತ್ತಿಗೆ ಕೈಯಳತೆಯಲ್ಲಿತ್ತು. ಟೈಯ ಗಂಟಿನ ಮೇಲೆ ಬೆವರು. ಕ್ಷಣಮಾತ್ರ ಅಲ್ಲಿ ನಿಂತವನು ಸೂಪರ್ವೈಸರಲ್ಲ, ಎರಡನೇ ಕ್ಲಾಸಿನ ಹುಡುಗ. ಲವಿಟಾ ರಿಬ್ಬನ್ ಹಿಡಿದಳು. ಇಂಥ ಅವಕಾಶಕ್ಕಾಗಿಯೇ ದೇವರು ಅವಳಿಗೆ ಆ ಕೈಚಳಕ ಕೊಟ್ಟಿದ್ದ. ಬೆರಳಿನ ಬಿರುಕಿಗೆ ರೇಷ್ಮೆ ಸಿಕ್ಕಿಕೊಂಡಿತು. ಅಲ್ಲಿ ಒಮ್ಮೆ ಅಕಿನ್ಯಿ ವ್ಯಾಸಲೀನ್ ಹಚ್ಚಿದ್ದಳು.

ಅವಳು ರಿಬ್ಬನ್ನಿನ ಗಂಟನ್ನು ಹಿಂದಕ್ಕೆ ತಳ್ಳಿ, ಝೀಬ್ರಾವನ್ನು ಎದೆಯ ನಡುವೆ ಸರಿಮಾಡಿಕೊಂಡಳು.

"ಕೊಡುವುದಿಲ್ಲ," ಎಂದಳು.

"ನಾಳೆ ವಿಮಾನ ಹತ್ತಿಸ್ತೀನಿ ನಿನ್ನ."

"ಹತ್ತಿಸು. ಇದು ನನ್ನ ಹತ್ರವೇ ಇರ್ಲಿ."

ಅವಳು ಹೋಗಿ ಫೋಟೋದ ಅಂಚಿನ ಕೆಳಗೆ ನಿಂತಳು, ಆ ಹುಡುಗಿಯ ನೇರ ಕೆಳಗೆ. ಬೆನ್ನ ಹಿಂದೆ ಇಡಲಿಲ್ಲ, ಎರಡೂ ಅಂಗೈಗಳನ್ನು ಮುಂದೆ ಚಾಚಿದಳು. ಮಾಯದ ಕಡೆಗಳಲ್ಲಿ ಇನ್ನೂ ಕೆಂಪಗಿತ್ತು. ವಿವೇಕ್ ಫೋನ್ ಎತ್ತಿದ ಕೈ ಇಳಿಸದೆ ನಿಂತಿದ್ದ.

"ತೆಗೀರಿ ಸಾರ್ ಫೋಟೋ," ಎಂದಳು ಅವಳು ಕನ್ನಡದಲ್ಲಿ. "ಕೈ ಸಮೇತ ಬರ್ಲಿ."

ಫೋನ್ ಮೆಲ್ಲಗೆ ಕೆಳಗಿಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುಲಾಬಿ ಕೋಟಿನ ತುದಿಯನ್ನು ಯಾರೋ ಎಳೆದರು. ನಿಧಿ ತಲೆಯೆತ್ತಿ, ಲವಿಟಾ ಕಲಿಸಿದ್ದ ಅದೇ ರಾಗದಲ್ಲಿ, ಒಂದಕ್ಷರ ತಪ್ಪದೆ ಹೇಳಿತು:

"ಇಂಗ್ಲಿಷ್ ಪ್ಲೀಸ್, ಆಂಟಿ."